ಸಹಾರಾ ಧೂಳು: ಕೆರಿಬಿಯನ್ ದ್ವೀಪಗಳ ಮಬ್ಬು, ಚಂಡಮಾರುತ ಮತ್ತು ಸುರಕ್ಷತೆ

ಸಹಾರಾ ಧೂಳು ಎಂದರೆ ಆಫ್ರಿಕದ ಸಹಾರಾ ಮರುಭೂಮಿ ಮತ್ತು ಅದರ ದಕ್ಷಿಣ ಅಂಚಿನ ಸಹೇಲ್ ಪ್ರದೇಶದಿಂದ ಗಾಳಿಗೆದ್ದು, ಅಟ್ಲಾಂಟಿಕ್ ಸಾಗರ ದಾಟಿ, ಕೆರಿಬಿಯನ್ ದ್ವೀಪಗಳ ಮೇಲೆ ಮಬ್ಬಾಗಿ ಕವಿಯುವ ಸೂಕ್ಷ್ಮ ಖನಿಜ ಕಣಗಳ ರಾಶಿ. ಬಾರ್ಬಡೋಸ್, ಟ್ರಿನಿಡಾಡ್, ಗ್ರೆನಡಾ, ಮಾರ್ಟಿನಿಕ್, ಗ್ವಾಡೆಲೂಪ್, ಪೋರ್ಟೊ ರಿಕೊ, ಜಮೈಕಾ ಮೊದಲಾದ ಕಡೆ ವರ್ಷದಲ್ಲಿ ಹಲವು ಬಾರಿ ಆಕಾಶ ತನ್ನ ನೀಲಿ ಕಳೆದುಕೊಂಡು ಬಿಳುಚಿಕೊಳ್ಳುತ್ತದೆ ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ. ದೂರದ ಬೆಟ್ಟಗಳು ಕಾಣುವುದಿಲ್ಲ, ಕಾರು ಮತ್ತು ಕಿಟಕಿಗಳ ಮೇಲೆ ಕೆಮ್ಮಣ್ಣಿನ ಪುಡಿ ಕೂರುತ್ತದೆ, ಉಬ್ಬಸದವರ ಎದೆ ಬಿಗಿಯುತ್ತದೆ. ಈ ದ್ವೀಪಗಳ ಹವಾಮಾನದಲ್ಲಿ ಧೂಳು ಬೇರೆ, ಬಿರುಗಾಳಿ ಬೇರೆ ಅಲ್ಲ. ಎರಡೂ ಆಫ್ರಿಕದ ಕಡೆಯಿಂದ ಒಂದೇ ಗಾಳಿದಾರಿಯಲ್ಲಿ ಬರುತ್ತವೆ. ಒಂದು ಹಿಂದೆ ಸರಿದಾಗ ಇನ್ನೊಂದಕ್ಕೆ ದಾರಿಯಾಗುತ್ತದೆ. ಆದ್ದರಿಂದ ಅಲ್ಲಿನ ಸುರಕ್ಷತೆಯ ಕ್ರಮಗಳನ್ನೂ ಒಟ್ಟಾಗಿಯೇ ನೋಡಬೇಕಾಗುತ್ತದೆ.

ಉಗಮ ಮತ್ತು ಪಯಣ

ಧೂಳಿನ ದೊಡ್ಡ ಮೂಲಗಳಲ್ಲಿ ಒಂದು ಚಾಡ್ ದೇಶದ ಬೊಡೆಲೆ ತಗ್ಗು. ಸಾವಿರಾರು ವರ್ಷಗಳ ಹಿಂದೆ ಅಲ್ಲಿ ವಿಶಾಲ ಸರೋವರವಿತ್ತು. ಇಂದಿನ ಚಾಡ್ ಸರೋವರ ಅದರ ಅಳಿದುಳಿದ ತುಣುಕು. ಬತ್ತಿದ ತಳದಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಚಿಪ್ಪು ಪುಡಿಯಾಗಿ ಹರಡಿಕೊಂಡಿದೆ. ಟಿಬೆಸ್ಟಿ ಮತ್ತು ಎನ್ನೆಡಿ ಬೆಟ್ಟಸಾಲುಗಳ ನಡುವಿನ ಸಂದಿಯಲ್ಲಿ ನುಗ್ಗುವ ಗಾಳಿ ಚಳಿಗಾಲದಲ್ಲಿ ಈ ಪುಡಿಯನ್ನು ಎಬ್ಬಿಸುತ್ತದೆ. ಬೇಸಿಗೆಯಲ್ಲಿ ಮಾಲಿ, ಮಾರಿಟೇನಿಯ, ಅಲ್ಜೀರಿಯಗಳ ಒಣಭೂಮಿ ಮುಖ್ಯ ಮೂಲವಾಗುತ್ತದೆ.

ಬೇಸಿಗೆಯ ಧೂಳು ನೆಲದ ಮಟ್ಟದಲ್ಲಿ ಹರಿದು ಬರುವುದಿಲ್ಲ. ಕಾದ ಮರುಭೂಮಿಯ ಗಾಳಿ ಮೇಲೆದ್ದು, ಕರಾವಳಿಯಲ್ಲಿ ಸಾಗರದ ತಂಪು ಗಾಳಿಯ ಮೇಲೆ ಏರಿ, ಸುಮಾರು 1.5 ಕಿ.ಮೀ.ನಿಂದ 6 ಕಿ.ಮೀ. ಎತ್ತರದ ನಡುವೆ ಒಂದು ಪದರವಾಗಿ ಪಶ್ಚಿಮಕ್ಕೆ ಸಾಗುತ್ತದೆ. ಹವಾಮಾನ ತಜ್ಞರು ಇದನ್ನು ಸಹಾರಾ ವಾಯುಪದರ ಎನ್ನುತ್ತಾರೆ. ಉಷ್ಣವಲಯದ ಸಾಮಾನ್ಯ ಗಾಳಿಗಿಂತ ಇದರಲ್ಲಿ ತೇವಾಂಶ ಸುಮಾರು ಅರ್ಧದಷ್ಟು ಕಡಿಮೆ. ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇದರ ಅಬ್ಬರ ಹೆಚ್ಚು. ಆ ಅವಧಿಯಲ್ಲಿ 3ರಿಂದ 5 ದಿನಗಳಿಗೊಮ್ಮೆ ಹೊಸ ಅಲೆ ಆಫ್ರಿಕದ ತೀರ ಬಿಡುತ್ತದೆ. ಸೆನೆಗಲ್ ಕರಾವಳಿಯಿಂದ ಬಾರ್ಬಡೋಸಿನವರೆಗಿನ ಸುಮಾರು 4,500 ಕಿ.ಮೀ. ದೂರವನ್ನು ಧೂಳು ಒಂದು ವಾರದೊಳಗೆ ಕ್ರಮಿಸುತ್ತದೆ. ದಾರಿಯಲ್ಲಿ ದಪ್ಪ ಕಣಗಳು ಸಮುದ್ರಕ್ಕೆ ಉದುರಿ, ಹಗುರವಾದವು ಮಾತ್ರ ಉಳಿಯುತ್ತವೆ. ಆರೋಗ್ಯದ ದೃಷ್ಟಿಯಿಂದ ಇದು ಒಳ್ಳೆಯ ಸುದ್ದಿಯಲ್ಲ, ಏಕೆಂದರೆ ಶ್ವಾಸಕೋಶದ ಆಳಕ್ಕೆ ಇಳಿಯುವುದು ಹಗುರ ಕಣಗಳೇ.

ದ್ವೀಪದಿಂದ ದ್ವೀಪಕ್ಕೆ ಧೂಳಿನ ಕಾಲ ಬೇರೆ. ಚಳಿಗಾಲ ಮತ್ತು ವಸಂತದಲ್ಲಿ ಗಾಳಿಪಟ್ಟಿ ದಕ್ಷಿಣಕ್ಕೆ ಸರಿದಿರುವುದರಿಂದ ಧೂಳು ಕೆಳಮಟ್ಟದಲ್ಲಿ ಸಾಗಿ ಟ್ರಿನಿಡಾಡ್, ಫ್ರೆಂಚ್ ಗಯಾನಾ ಮತ್ತು ಅಮೆಜಾನ್ ಕಡೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಅದು ಪೋರ್ಟೊ ರಿಕೊ, ಹಿಸ್ಪಾನಿಯೋಲ, ಕ್ಯೂಬಾ ದಾಟಿ ಫ್ಲೋರಿಡಾ ಮತ್ತು ಟೆಕ್ಸಾಸ್‌ವರೆಗೂ ಮುಟ್ಟುತ್ತದೆ. ನಾಸಾದ ಕ್ಯಾಲಿಪ್ಸೊ ಉಪಗ್ರಹ 2007ರಿಂದ 2013ರವರೆಗೆ ಕಲೆಹಾಕಿದ ಮಾಹಿತಿಯ ಲೆಕ್ಕದಂತೆ ವರ್ಷಕ್ಕೆ ಸರಾಸರಿ 18.2 ಕೋಟಿ ಟನ್ ಧೂಳು ಆಫ್ರಿಕದ ಪಶ್ಚಿಮ ತೀರ ಬಿಡುತ್ತದೆ. ಅದರಲ್ಲಿ ಸುಮಾರು 2.8 ಕೋಟಿ ಟನ್ ಅಮೆಜಾನ್ ಕಣಿವೆಗೆ ಬೀಳುತ್ತದೆ, ಸುಮಾರು 4.3 ಕೋಟಿ ಟನ್ ಕೆರಿಬಿಯನ್ ಪ್ರದೇಶದತ್ತ ಸಾಗುತ್ತದೆ. ಅಮೆಜಾನ್ ಕಾಡಿಗೆ ಈ ಧೂಳಿನಿಂದ ವರ್ಷಕ್ಕೆ ಸುಮಾರು 22,000 ಟನ್ ರಂಜಕ ಸಿಗುತ್ತದೆ. ಬಾರ್ಬಡೋಸ್ ಮತ್ತು ಬಹಾಮಾಸ್‌ನ ಸುಣ್ಣಕಲ್ಲಿನ ಮೇಲಿರುವ ಕೆಂಪು ಮಣ್ಣಿನಲ್ಲಿಯೂ ಆಫ್ರಿಕದ ಧೂಳಿನ ಪಾಲಿದೆ. ಹೀಗಾಗಿ ಧೂಳನ್ನು ಬರಿಯ ಪೀಡೆ ಎಂದು ತಳ್ಳಿಹಾಕುವುದು ತಪ್ಪು. ಕಾಡಿಗೆ ಗೊಬ್ಬರವಾದದ್ದೇ ಮನುಷ್ಯರ ಉಸಿರಿಗೆ ಭಾರವಾಗಿದೆ.

ಅಧ್ಯಯನ

ಚಾರ್ಲ್ಸ್ ಡಾರ್ವಿನ್ 1832ರ ಜನವರಿಯಲ್ಲಿ ಬೀಗಲ್ ಹಡಗಿನಲ್ಲಿ ಕೇಪ್ ವರ್ಡ್ ದ್ವೀಪಗಳನ್ನು ತಲುಪಿದಾಗ ಗಾಳಿ ಧೂಳಿನಿಂದ ಮಬ್ಬಾಗಿತ್ತು. ಅಟ್ಲಾಂಟಿಕ್‌ನಲ್ಲಿ ಹಡಗುಗಳ ಮೇಲೆ ಬೀಳುವ ಈ ಧೂಳಿನ ಬಗ್ಗೆ ಅವನು 1846ರಲ್ಲಿ ಒಂದು ಪ್ರಬಂಧವನ್ನೇ ಪ್ರಕಟಿಸಿದ. ಕೆರಿಬಿಯನ್‌ನಲ್ಲಿ ಕ್ರಮಬದ್ಧ ಅಳತೆ ಆರಂಭವಾದದ್ದು 1965ರಲ್ಲಿ, ಬಾರ್ಬಡೋಸಿನಲ್ಲಿ. ಮಯಾಮಿ ವಿಶ್ವವಿದ್ಯಾಲಯದ ಜೋಸೆಫ್ ಪ್ರಾಸ್ಪೆರೊ ಮುಂದಾಳತ್ವದಲ್ಲಿ, ದ್ವೀಪದ ಪೂರ್ವ ತುದಿಯ ರ‍್ಯಾಗೆಡ್ ಪಾಯಿಂಟ್‌ನಲ್ಲಿ ಸಮುದ್ರದಿಂದ ಬರುವ ಗಾಳಿಯನ್ನು ಜಾಲರಿ ಮತ್ತು ಶೋಧಕಗಳ ಮೂಲಕ ಹಾಯಿಸಿ ಧೂಳನ್ನು ಸಂಗ್ರಹಿಸುವ ಕೆಲಸ ದಶಕಗಳ ಕಾಲ ನಡೆದಿದೆ. ಸಾಗರ ದಾಟಿದ ಧೂಳಿನ ಬಗ್ಗೆ ಇಷ್ಟು ದೀರ್ಘ ದಾಖಲೆ ಜಗತ್ತಿನಲ್ಲಿ ಬೇರೊಂದಿಲ್ಲ. 1970 ಮತ್ತು 80ರ ದಶಕಗಳಲ್ಲಿ ಸಹೇಲ್ ಬರಗಾಲದಿಂದ ತತ್ತರಿಸಿದಾಗ ಬಾರ್ಬಡೋಸಿನ ಶೋಧಕಗಳಲ್ಲಿ ಧೂಳು ಏರಿದ್ದು ಈ ದಾಖಲೆಯಿಂದಲೇ ತಿಳಿಯಿತು.

2020ರ ಜೂನ್ ಕೊನೆಯ ವಾರಗಳಲ್ಲಿ ಬಂದ ಧೂಳಿನ ಮೋಡ ಅಳತೆಯ ಕಾಲದ ಅತಿ ದಟ್ಟವಾದವುಗಳಲ್ಲಿ ಒಂದು. ಅದರ ಗಾತ್ರ ಕಂಡು ಮಾಧ್ಯಮಗಳು ಅದನ್ನು ಗಾಡ್ಜಿಲಾ ಎಂದು ಕರೆದವು. ಬಾರ್ಬಡೋಸಿನಿಂದ ಪೋರ್ಟೊ ರಿಕೊವರೆಗೆ ದಿಗಂತ ಮುಚ್ಚಿಹೋಯಿತು. ಕೋವಿಡ್ ಹರಡುತ್ತಿದ್ದ ದಿನಗಳವು. ಕೆಮ್ಮು ಧೂಳಿನದೋ ಸೋಂಕಿನದೋ ಎಂಬ ಗೊಂದಲವೂ ಜೊತೆಗೆ ಸೇರಿತು.

ಆರೋಗ್ಯದ ಮೇಲೆ ಪರಿಣಾಮ

ಕಣಗಳ ಗಾತ್ರವೇ ಇಲ್ಲಿ ಮುಖ್ಯ. 10 ಮೈಕ್ರಾನ್‌ಗಿಂತ ಚಿಕ್ಕವು (ಪಿಎಂ 10) ಗಂಟಲು ದಾಟಿ ಶ್ವಾಸನಾಳಕ್ಕೆ ಹೋಗುತ್ತವೆ, 2.5 ಮೈಕ್ರಾನ್‌ಗಿಂತ ಚಿಕ್ಕವು (ಪಿಎಂ 2.5) ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ. ತಲೆಗೂದಲಿನ ದಪ್ಪ ಸಾಮಾನ್ಯವಾಗಿ 50ರಿಂದ 70 ಮೈಕ್ರಾನ್. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ 24 ಗಂಟೆಗಳ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 10 ಕಣಗಳು 45 ಮೈಕ್ರೋಗ್ರಾಂ, ಪಿಎಂ 2.5 ಕಣಗಳು 15 ಮೈಕ್ರೋಗ್ರಾಂ ಮೀರಬಾರದು. ದಟ್ಟ ಧೂಳಿನ ದಿನ ಕೆರಿಬಿಯನ್‌ನಲ್ಲಿ ಪಿಎಂ 10 ಈ ಮಿತಿಯ ಹಲವು ಪಟ್ಟು ಏರುತ್ತದೆ. ಕಾರ್ಖಾನೆ, ವಾಹನಗಳ ಹೊಗೆ ಕಡಿಮೆಯಿರುವ ಸಣ್ಣ ದ್ವೀಪದ ಜನರೂ ಆ ದಿನ ದೊಡ್ಡ ನಗರದ ಮಲಿನ ಗಾಳಿಯನ್ನೇ ಉಸಿರಾಡುತ್ತಾರೆ.

ಧೂಳಿನಲ್ಲಿ ಜೇಡಿಮಣ್ಣಿನ ಖನಿಜಗಳು, ಬೆಣಚುಕಲ್ಲಿನ ಪುಡಿ, ಕೆಂಪು ಬಣ್ಣ ಕೊಡುವ ಕಬ್ಬಿಣದ ಆಕ್ಸೈಡ್‌ಗಳು ಇರುತ್ತವೆ. ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಬೀಜಕಣಗಳೂ ಜೊತೆಗೆ ಬರುತ್ತವೆ. ಈ ಗಾಳಿದಾರಿ ಎಷ್ಟು ಬಲವಾದದ್ದೆಂದರೆ 1988ರ ಅಕ್ಟೋಬರಿನಲ್ಲಿ ಆಫ್ರಿಕದ ಮರುಭೂಮಿ ಮಿಡತೆಗಳೇ ಜೀವಂತವಾಗಿ ಕೆರಿಬಿಯನ್ ದ್ವೀಪಗಳಿಗೆ ಬಂದಿಳಿದಿದ್ದವು.

ಧೂಳಿಗೂ ಮಕ್ಕಳ ಉಬ್ಬಸಕ್ಕೂ ಇರುವ ನಂಟಿನ ಕುರಿತ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಟ್ರಿನಿಡಾಡಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ, ಧೂಳಿನ ಮೋಡ ಬಂದ ದಿನಗಳ ನಂತರ ಉಬ್ಬಸದಿಂದ ತುರ್ತು ಚಿಕಿತ್ಸೆಗೆ ಬರುವ ಮಕ್ಕಳ ಸಂಖ್ಯೆ ಹೆಚ್ಚುವುದನ್ನು ಗುರುತಿಸಿತು. ಗ್ವಾಡೆಲೂಪ್‌ನಿಂದ 2014ರಲ್ಲಿ ಬಂದ ವರದಿಯೂ ಅದನ್ನೇ ಹೇಳಿತು. ಬಾರ್ಬಡೋಸಿನ ಅಧ್ಯಯನಕ್ಕೆ ಮಾತ್ರ ಸ್ಪಷ್ಟ ಸಂಬಂಧ ಕಾಣಲಿಲ್ಲ. ಮಳೆ, ತೇವ, ಪರಾಗ, ಶಾಲೆ ತೆರೆಯುವ ಕಾಲದಲ್ಲಿ ಹರಡುವ ನೆಗಡಿ ಇವೆಲ್ಲ ಉಬ್ಬಸವನ್ನು ಕೆದಕುವುದರಿಂದ ಧೂಳಿನ ಪಾಲನ್ನು ಬೇರ್ಪಡಿಸುವುದು ಕಷ್ಟ. ಆದರೆ ಸೂಕ್ಷ್ಮ ಕಣಗಳು ಶ್ವಾಸಕೋಶಕ್ಕೂ ಹೃದಯಕ್ಕೂ ಕೆಡುಕು ಎಂಬುದು ಜಗತ್ತಿನಾದ್ಯಂತ ಸಿದ್ಧವಾದ ವಿಷಯ. ಭಿನ್ನ ಫಲಿತಾಂಶಗಳನ್ನು ಮುಂದಿಟ್ಟು ಎಚ್ಚರಿಕೆಯನ್ನು ಸಡಿಲಿಸುವುದು ಸರಿಯಲ್ಲ.

ಮಬ್ಬಿನ ದಿನಗಳಲ್ಲಿ

ಹೆಚ್ಚಿನ ಎಚ್ಚರ ಬೇಕಾದವರು ಉಬ್ಬಸ ಅಥವಾ ಬೇರೆ ಶ್ವಾಸಕೋಶದ ಕಾಯಿಲೆ ಇರುವವರು, ಹೃದ್ರೋಗಿಗಳು, ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು. ಕಬ್ಬಿನ ಗದ್ದೆ, ಕಟ್ಟಡ ಕೆಲಸ, ಮೀನುಗಾರಿಕೆ, ರಸ್ತೆ ದುರಸ್ತಿಯಂಥ ಬಯಲ ದುಡಿಮೆಯವರನ್ನು ಈ ಪಟ್ಟಿಯಲ್ಲಿ ಮರೆಯುವುದೇ ಹೆಚ್ಚು. ಮನೆಯೊಳಗೆ ಇರಿ ಎಂಬ ಸಲಹೆ ದಿನಗೂಲಿಯವರ ಪಾಲಿಗೆ ಕೂಲಿ ಬಿಡಿ ಎಂದಂತೆ. ಅವರಿಗೆ ಕೆಲಸದ ಹೊತ್ತು ಬದಲಿಸುವುದು, ನೆರಳಿನಲ್ಲಿ ಬಿಡುವು, ಸರಿಯಾದ ಮಾಸ್ಕ್ ಒದಗಿಸುವುದು ಕೆಲಸ ಕೊಟ್ಟವರ ಹೊಣೆ.

ಮಾಸ್ಕ್‌ಗಳಲ್ಲಿ ಎನ್95 ಅಥವಾ ಅದಕ್ಕೆ ಸಮನಾದ ದರ್ಜೆಯದು ಮಾತ್ರ ಈ ಕಣಗಳನ್ನು ಸಮರ್ಥವಾಗಿ ತಡೆಯುತ್ತದೆ, ಅದೂ ಮುಖಕ್ಕೆ ಬಿಗಿಯಾಗಿ ಕೂತಾಗ. ಬಟ್ಟೆಯ ಮಾಸ್ಕ್, ಕರವಸ್ತ್ರಗಳಿಂದ ಸಿಗುವ ರಕ್ಷಣೆ ಅಲ್ಪ. ಉಬ್ಬಸದವರು ತಡೆಗಟ್ಟುವ ಇನ್‌ಹೇಲರನ್ನು ಒಂದು ಹೊತ್ತೂ ತಪ್ಪಿಸದೆ ತೆಗೆದುಕೊಳ್ಳಬೇಕು. ತಕ್ಷಣದ ಉಪಶಮನದ ಇನ್‌ಹೇಲರ್ ಸದಾ ಕೈಗೆಟುಕುವಂತಿರಬೇಕು. ಅದನ್ನು ಬಳಸಿದ ಮೇಲೂ ಉಸಿರು ಸರಾಗವಾಗದಿದ್ದರೆ, ಮಾತನಾಡಲು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕಣ್ಣು ಉರಿದಾಗ ಉಜ್ಜದೆ ಶುದ್ಧ ನೀರಿನಿಂದ ತೊಳೆಯುವುದು, ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡುವುದು, ಓಟ ಮತ್ತು ಆಟಗಳನ್ನು ಮುಂದೂಡುವುದು ಎಲ್ಲರಿಗೂ ಅನ್ವಯಿಸುತ್ತದೆ.

ಮನೆ ಮುಚ್ಚುವ ವಿಷಯ ಅಷ್ಟು ಸರಳವಲ್ಲ. ಕೆರಿಬಿಯನ್ ಮನೆಗಳನ್ನು ಗಾಳಿಯಾಡಲೆಂದೇ ಕಟ್ಟಲಾಗಿದೆ. ಅಡ್ಡಪಟ್ಟಿಗಳ ಕಿಟಕಿಗಳು ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ. ಸಹಾರಾ ಪದರ ಕವಿದ ದಿನ ಮೋಡ ಬೆಳೆಯುವುದಿಲ್ಲ, ಮಳೆ ಬೀಳುವುದಿಲ್ಲ, ಸೆಕೆ ಮಾತ್ರ ಏರುತ್ತದೆ. ಏಸಿ ಇಲ್ಲದ ತಗಡಿನ ಮನೆಯನ್ನು ಬಿಗಿಯಾಗಿ ಮುಚ್ಚಿದರೆ ಧೂಳಿನಿಂದ ಪಾರಾಗಿ ಬಿಸಿಲಾಘಾತಕ್ಕೆ ಸಿಕ್ಕಂತಾಗುತ್ತದೆ. ಗಾಳಿ ಬೀಸುವ ಪೂರ್ವದ ಬದಿಯ ಕಿಟಕಿಗಳನ್ನು ಮುಚ್ಚಿ, ಇನ್ನೊಂದು ಬದಿಯವನ್ನು ತೆರೆದಿಟ್ಟು, ಒಂದು ಕೋಣೆಯನ್ನು ರೋಗಿಗಳಿಗೆ ಮೀಸಲಿಡುವುದು ನಡುದಾರಿ. ಏಸಿ ಇದ್ದಲ್ಲಿ ಒಳಗಿನ ಗಾಳಿಯನ್ನೇ ತಿರುಗಿಸುವಂತೆ ಹೊಂದಿಸಿ, ಅದರ ಫಿಲ್ಟರ್ ತೊಳೆದಿರಬೇಕು. ಕಸ ಗುಡಿಸಿದರೆ ಕೂತ ಧೂಳು ಮತ್ತೆ ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿ. ಸೊಳ್ಳೆಬತ್ತಿ, ಅಗರಬತ್ತಿ, ಸಿಗರೇಟು, ಕಸ ಸುಡುವುದು ಇವು ಆ ದಿನ ಬೇಡ. ಬಾಯಾರಿಕೆಗೆ ಕಾಯದೆ ನೀರು ಕುಡಿಯುತ್ತಿರಬೇಕು. ತಲೆಸುತ್ತು, ವಾಂತಿ, ಗೊಂದಲದ ಮಾತು ಕಾಣಿಸಿದರೆ ಅದು ಬಿಸಿಲಾಘಾತವಿರಬಹುದು. ಅಂಥವರನ್ನು ನೆರಳಿಗೆ ತಂದು, ಮೈಗೆ ನೀರು ಹಾಕಿ, ಗಾಳಿ ಬೀಸುತ್ತಾ ವೈದ್ಯರಲ್ಲಿಗೆ ಸಾಗಿಸಬೇಕು.

ಸಮುದ್ರದಲ್ಲಿ ಅಪಾಯ ಬೇರೆ ಬಗೆಯದು. ಮಬ್ಬಿನಲ್ಲಿ ದಡ ಕಾಣದೆ ಸಣ್ಣ ದೋಣಿಗಳು ದಿಕ್ಕು ತಪ್ಪುತ್ತವೆ, ದೊಡ್ಡ ಹಡಗಿನವರ ಕಣ್ಣಿಗೂ ಬೀಳುವುದಿಲ್ಲ. ದಿಕ್ಸೂಚಿ ಅಥವಾ ಜಿಪಿಎಸ್, ದೀಪ, ಲೈಫ್ ಜಾಕೆಟ್, ಅಂತರರಾಷ್ಟ್ರೀಯ ಅಪಾಯ ಕರೆಯ ವಿಎಚ್‌ಎಫ್ 16ನೇ ಚಾನೆಲ್ ಇರುವ ರೇಡಿಯೊ ಇಲ್ಲದೆ ಹೊರಡುವುದು ಜೀವಕ್ಕೆ ಕುತ್ತು.

ತೊಟ್ಟಿ ನೀರು

ಗ್ರೆನಡಾಕ್ಕೆ ಸೇರಿದ ಕ್ಯಾರಿಯಾಕೂ, ವರ್ಜಿನ್ ದ್ವೀಪಗಳು ಮುಂತಾದ ಕಡೆ ಬಹುಪಾಲು ಮನೆಗಳು ಮಾಡಿನ ಮೇಲೆ ಬಿದ್ದ ಮಳೆನೀರನ್ನು ತೊಟ್ಟಿಗೆ ಹರಿಸಿ ವರ್ಷವಿಡೀ ಬಳಸುತ್ತವೆ. ಧೂಳು ಕೂತ ಮಾಡಿನ ಮೇಲೆ ಮೊದಲ ಮಳೆ ಬಿದ್ದಾಗ ಕೆಸರು, ಹಕ್ಕಿಹಿಕ್ಕೆ, ಸೂಕ್ಷ್ಮಜೀವಿಗಳು ಎಲ್ಲವೂ ತೊಟ್ಟಿಗೆ ಇಳಿಯುತ್ತವೆ. ಕರ್ನಾಟಕದಲ್ಲಿ ಮಳೆನೀರು ಕೊಯ್ಲು ಮಾಡುವವರು ಅನುಸರಿಸುವ ವಿಧಾನವೇ ಅಲ್ಲಿಯೂ ಬೇಕು: ಮೊದಲ ಮಳೆಯ ನೀರನ್ನು ಹೊರಕ್ಕೆ ಹರಿಯಬಿಟ್ಟು, ಮಾಡು ತೊಳೆದ ಮೇಲೆ ಮಾತ್ರ ತೊಟ್ಟಿಗೆ ತಿರುಗಿಸುವುದು. ಕೊಳವೆ ಬಾಯಿಗೆ ಜಾಲರಿ, ತೊಟ್ಟಿಗೆ ಬಿಗಿಯಾದ ಮುಚ್ಚಳ ಇದ್ದರೆ ಡೆಂಗಿ ಸೊಳ್ಳೆಗೂ ತಡೆಯಾಗುತ್ತದೆ. ಕುಡಿಯುವ ನೀರನ್ನು ಕುದಿಸಬೇಕು ಅಥವಾ ಆರೋಗ್ಯ ಇಲಾಖೆ ಹೇಳಿದ ಪ್ರಮಾಣದಲ್ಲಿ ಕ್ಲೋರಿನ್ ಬೆರೆಸಬೇಕು.

ಮಾಡಿನ ಮೇಲೆ ಬೀಳುವ ಜ್ವಾಲಾಮುಖಿಯ ಬೂದಿಯನ್ನು ಸಹಾರಾ ಧೂಳೆಂದು ತಿಳಿಯಬಾರದು. 2021ರ ಏಪ್ರಿಲ್ 9ರಂದು ಸೇಂಟ್ ವಿನ್ಸೆಂಟ್‌ನ ಲಾ ಸೂಫ್ರಿಯೇರ್ ಜ್ವಾಲಾಮುಖಿ ಸಿಡಿದಾಗ ಬೂದಿ ಪೂರ್ವಕ್ಕೆ ಹಾರಿ ಬಾರ್ಬಡೋಸಿನ ಮೇಲೂ ದಟ್ಟವಾಗಿ ಸುರಿಯಿತು. ಬೂದಿಯಲ್ಲಿ ಗಾಜಿನ ಚೂಪು ಚೂರುಗಳಿರುತ್ತವೆ. ನೆನೆದರೆ ಅದರ ಭಾರಕ್ಕೆ ಮಾಡು ಕುಸಿಯಬಹುದು. ಬೂದಿ ಬೀಳುವ ಮುನ್ನವೇ ತೊಟ್ಟಿಯ ಕೊಳವೆಯನ್ನು ಕಳಚಿಡಬೇಕು. ಶೇಖರವಾದದ್ದನ್ನು ಮಾಸ್ಕ್, ಕನ್ನಡಕ ಧರಿಸಿ, ತುಸುವೇ ನೀರು ಚಿಮುಕಿಸಿ ತೆಗೆಯಬೇಕು.

ಧೂಳಿನಿಂದ ಬಿರುಗಾಳಿಗೆ

ಕೆರಿಬಿಯನ್‌ನಲ್ಲಿ ಸ್ಥೂಲವಾಗಿ ಎರಡು ಕಾಲ: ಡಿಸೆಂಬರಿನಿಂದ ಮೇವರೆಗೆ ಒಣಗಾಲ, ಜೂನ್‌ನಿಂದ ನವೆಂಬರ್‌ವರೆಗೆ ಮಳೆಗಾಲ. ಎಲ್ ನಿನೊ ಬಂದ ವರ್ಷಗಳಲ್ಲಿ ಮಳೆ ಕೈಕೊಟ್ಟು ಬರ ಬೀಳುವುದುಂಟು; 2009–10ರಲ್ಲಿಯೂ 2014–16ರಲ್ಲಿಯೂ ಹಾಗಾಯಿತು. ಅಟ್ಲಾಂಟಿಕ್ ಚಂಡಮಾರುತಗಳ ಅಧಿಕೃತ ಅವಧಿ ಜೂನ್ 1ರಿಂದ ನವೆಂಬರ್ 30. 1991–2020ರ ಸರಾಸರಿಯಂತೆ ವರ್ಷಕ್ಕೆ ಹೆಸರಿಟ್ಟ ಬಿರುಗಾಳಿಗಳು 14, ಅವುಗಳಲ್ಲಿ ಚಂಡಮಾರುತವಾಗುವವು 7.

ಸಹಾರಾ ಪದರದ ಒಣ ಗಾಳಿ, ಅದರೊಳಗಿನ ವೇಗದ ಮಾರುತ ಮತ್ತು ಬಿಸಿ ಸೇರಿ ಬಿರುಗಾಳಿ ಕುಡಿಯೊಡೆಯುವುದನ್ನು ಅದುಮುತ್ತವೆ. ಹಾಗೆಂದು ಮಬ್ಬು ಕವಿದಿರುವಾಗ ನಿಶ್ಚಿಂತೆ ಸಲ್ಲದು. ಆಫ್ರಿಕದಿಂದ ಬರುವ ಗಾಳಿಯ ಅಲೆಗಳೂ ಧೂಳಿನ ಅಲೆಗಳೂ ಒಂದರ ಬೆನ್ನಿಗೊಂದು ಸಾಗುತ್ತವೆ. ಇವತ್ತು ಉರಿಬಿಸಿಲಿನ ಮಬ್ಬಿದ್ದರೆ ನಾಳೆಯೋ ನಾಡಿದ್ದೋ ಗುಡುಗು ಮಳೆ ಸುರಿದು, ಕಡಿದಾದ ದ್ವೀಪಗಳಲ್ಲಿ ಹಳ್ಳಗಳು ಗಳಿಗೆಯಲ್ಲಿ ಉಕ್ಕುತ್ತವೆ. ಮೊಣಕಾಲಿಗಿಂತ ಕೆಳಗಿನ ಹರಿವ ನೀರೂ ಆಳನ್ನು ಕೆಡವಬಲ್ಲದು. ಅಂಥ ನೀರಿಗೆ ಕಾಲಿಡಬಾರದು, ವಾಹನ ಇಳಿಸಬಾರದು. ಆಗಸ್ಟ್ ಮಧ್ಯದ ನಂತರ ಧೂಳು ತಗ್ಗುತ್ತಿದ್ದಂತೆ ಚಂಡಮಾರುತಗಳ ಏರುಕಾಲ ಆರಂಭವಾಗಿ ಸೆಪ್ಟೆಂಬರ್ 10ರ ಸುಮಾರಿಗೆ ತುದಿ ಮುಟ್ಟುತ್ತದೆ. ಧೂಳಿನ ವಾರಗಳು ಮಾಡಿನ ಮೊಳೆ, ಕಿಟಕಿ ಹಲಗೆ, ಚರಂಡಿ, ಔಷಧ, ದಾಖಲೆಪತ್ರಗಳನ್ನು ಸರಿಪಡಿಸಿಕೊಳ್ಳಲು ಸಿಗುವ ಸಮಯ.

ಆ ಸಮಯವನ್ನೂ ಈಗ ನಂಬುವಂತಿಲ್ಲ. 2024ರ ಜೂನ್ 28ರಂದು ಮೊಳೆತ ಬೆರಿಲ್ 42 ಗಂಟೆಗಳಲ್ಲಿ ಭಾರಿ ಚಂಡಮಾರುತವಾಗಿ, ಜುಲೈ 1ರಂದು ಕ್ಯಾರಿಯಾಕೂ ದ್ವೀಪಕ್ಕೆ 4ನೇ ದರ್ಜೆಯಲ್ಲಿ ಅಪ್ಪಳಿಸಿತು. ಮರುದಿನ 5ನೇ ದರ್ಜೆಗೇರಿ, ಅಟ್ಲಾಂಟಿಕ್‌ನ ದಾಖಲೆಯಲ್ಲಿ ವರ್ಷದ ಇಷ್ಟು ಬೇಗ ಆ ದರ್ಜೆ ಮುಟ್ಟಿದ ಮೊದಲ ಚಂಡಮಾರುತವಾಯಿತು. ಕ್ಯಾರಿಯಾಕೂವಿನಲ್ಲಿ ಬಹುತೇಕ ಎಲ್ಲ ಕಟ್ಟಡಗಳಿಗೆ ಹಾನಿಯಾಯಿತು. ಮಾಡು ಹಾರಿಹೋದ ಮನೆಗಳು ನೆರಳಿನ ಜೊತೆಗೆ ನೀರಿನ ಮೂಲವನ್ನೂ ಕಳೆದುಕೊಂಡವು. ಜೂನ್ 29ರಂದು ಬ್ರಿಡ್ಜ್‌ಟೌನ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ಭಾರತ ತಂಡ, ಅದರ ಆಗಿನ ಕೋಚ್ ಕರ್ನಾಟಕದ ರಾಹುಲ್ ದ್ರಾವಿಡ್ ಸಮೇತ, ಬೆರಿಲ್ ಕಾರಣ ವಿಮಾನ ನಿಲ್ದಾಣ ಮುಚ್ಚಿದ್ದರಿಂದ ಜುಲೈ 3ರವರೆಗೆ ಬಾರ್ಬಡೋಸಿನಲ್ಲೇ ಉಳಿಯಬೇಕಾಯಿತು.

ಚಂಡಮಾರುತದ ಪರಿಸ್ಥಿತಿ ಸಂಭವನೀಯವಿದ್ದಾಗ ಸುಮಾರು 48 ಗಂಟೆ ಮುಂಚೆ, ಖಚಿತವೆನಿಸಿದಾಗ ಸುಮಾರು 36 ಗಂಟೆ ಮುಂಚೆ ಎರಡು ಹಂತದ ಸೂಚನೆಗಳು ಹೊರಡುತ್ತವೆ. ಮೊದಲ ಸೂಚನೆಗೇ ನೀರು, ಒಣ ಆಹಾರ, ಟಾರ್ಚ್, ಬ್ಯಾಟರಿ ರೇಡಿಯೊ, ಔಷಧ, ಇನ್‌ಹೇಲರ್ ಜೋಡಿಸಿಕೊಂಡು, ತಗ್ಗು ಕರಾವಳಿಯವರು ಆಶ್ರಯ ತಾಣಕ್ಕೆ ಹೊರಡಬೇಕು. ಚಂಡಮಾರುತದ ಕಣ್ಣು ಹಾಯುವಾಗ ಗಾಳಿ ಏಕಾಏಕಿ ನಿಲ್ಲುತ್ತದೆ. ಮುಗಿಯಿತೆಂದು ಹೊರಬಂದವರನ್ನು ಎದುರು ದಿಕ್ಕಿನ ಗಾಳಿ ಅಷ್ಟೇ ರಭಸದಿಂದ ಹೊಡೆಯುತ್ತದೆ.

ಸಾವುಗಳು ಗಾಳಿಯ ಹೊತ್ತಿನಲ್ಲಿ ಮಾತ್ರ ಸಂಭವಿಸುವುದಿಲ್ಲ. 2017ರ ಸೆಪ್ಟೆಂಬರಿನಲ್ಲಿ ಪೋರ್ಟೊ ರಿಕೊವನ್ನು ಹೊಡೆದ ಮರಿಯಾ ಚಂಡಮಾರುತದಲ್ಲಿ ಸತ್ತವರು 64 ಎಂದು ಮೊದಲು ಹೇಳಲಾಗಿತ್ತು. ನಂತರದ ಆರು ತಿಂಗಳಲ್ಲಿ ಸಂಭವಿಸಿದ ಹೆಚ್ಚುವರಿ ಸಾವುಗಳನ್ನು ವಿಶ್ವವಿದ್ಯಾಲಯವೊಂದು ಲೆಕ್ಕಹಾಕಿದ ಮೇಲೆ, 2018ರಲ್ಲಿ ಅಲ್ಲಿನ ಸರ್ಕಾರ 2,975 ಎಂದು ಒಪ್ಪಿಕೊಂಡಿತು. ತಿಂಗಳುಗಟ್ಟಲೆ ವಿದ್ಯುತ್ ಇಲ್ಲದ ಕಡೆ ಆಮ್ಲಜನಕ ಯಂತ್ರ, ಡಯಾಲಿಸಿಸ್, ಇನ್ಸುಲಿನ್ ನೆಚ್ಚಿಕೊಂಡವರು ಬದುಕುವುದು ಕಷ್ಟ. ಮನೆಯೊಳಗಿಟ್ಟ ಜನರೇಟರಿನ ಕಾರ್ಬನ್ ಮಾನಾಕ್ಸೈಡ್, ಕಡಿದುಬಿದ್ದ ವಿದ್ಯುತ್ ತಂತಿ, ಪ್ರವಾಹದ ಕೊಚ್ಚೆಯಿಂದ ತಗಲುವ ಇಲಿಜ್ವರ, ನಿಂತ ನೀರಿನ ಡೆಂಗಿ ಇವೂ ಜೀವ ತೆಗೆಯುತ್ತವೆ. ಜನರೇಟರನ್ನು ಬಯಲಿನಲ್ಲಿ, ಕಿಟಕಿಯಿಂದ ದೂರ ಇಡಬೇಕು. ಕೆಸರಲ್ಲಿ ಇಳಿಯುವವರು ಬೂಟು ಧರಿಸಬೇಕು. ಜ್ವರ ಬಂದರೆ ತಡಮಾಡಬಾರದು. ಮನೆಯಲ್ಲಿ ಉಬ್ಬಸದವರಿದ್ದರೆ ಒದ್ದೆ ಗೋಡೆಗಳಲ್ಲಿ ಬೆಳೆಯುವ ಬೂಷ್ಟನ್ನು ಬೇಗ ತೆಗೆದು ಒಣಗಿಸಬೇಕು.

ಮುನ್ಸೂಚನೆ

ಧೂಳನ್ನು ಉಪಗ್ರಹಗಳು ಆಫ್ರಿಕದ ತೀರದಲ್ಲೇ ಗುರುತಿಸುವುದರಿಂದ ಮೂರು ನಾಲ್ಕು ದಿನ ಮುಂಚಿತವಾಗಿ ಹೇಳಲು ಸಾಧ್ಯ. ವಿಶ್ವ ಹವಾಮಾನ ಸಂಸ್ಥೆಯ ಧೂಳುಗಾಳಿ ಮುನ್ನೆಚ್ಚರಿಕೆ ವ್ಯವಸ್ಥೆಯ ಅಮೆರಿಕ ಖಂಡಗಳ ಕೇಂದ್ರ ಬಾರ್ಬಡೋಸಿನ ಕೆರಿಬಿಯನ್ ಹವಾಮಾನ ಮತ್ತು ಜಲವಿಜ್ಞಾನ ಸಂಸ್ಥೆಯಲ್ಲಿದೆ. ಫ್ರಾನ್ಸಿನ ನಿಯಮ ಪಾಲಿಸುವ ಮಾರ್ಟಿನಿಕ್ ಮತ್ತು ಗ್ವಾಡೆಲೂಪ್‌ಗಳಲ್ಲಿ ಪಿಎಂ 10 ದಿನದ ಸರಾಸರಿ 50 ಮೈಕ್ರೋಗ್ರಾಂ ದಾಟಿದರೆ ಮಾಹಿತಿ, 80 ದಾಟಿದರೆ ಎಚ್ಚರಿಕೆ ಹೊರಡುತ್ತದೆ. ಟ್ರಿನಿಡಾಡಿನಲ್ಲಿ ಪರಿಸರ ನಿರ್ವಹಣಾ ಪ್ರಾಧಿಕಾರ ವಾಯು ಗುಣಮಟ್ಟ ಸೂಚ್ಯಂಕವನ್ನು ಪ್ರಕಟಿಸುತ್ತದೆ. ಉಳಿದ ಹಲವು ಸಣ್ಣ ದ್ವೀಪಗಳಲ್ಲಿ ನೆಲಮಟ್ಟದ ಅಳತೆ ಯಂತ್ರಗಳು ವಿರಳ. ಅಲ್ಲಿನ ಜನ ಆಕಾಶದ ಬಣ್ಣ ನೋಡಿಯೇ ಅಂದಾಜು ಮಾಡಬೇಕು. ಚಂಡಮಾರುತಕ್ಕೆ ದರ್ಜೆ, ಹೆಸರು, ಸೂಚನೆ, ಆಶ್ರಯ ತಾಣ ಎಲ್ಲವೂ ಇವೆ. ಧೂಳು ಮಾಡು ಹಾರಿಸುವುದಿಲ್ಲವಾದ್ದರಿಂದ ಅದಕ್ಕೆ ಅಷ್ಟು ಗಮನ ದೊರೆತಿಲ್ಲ. ಜನವಸತಿ ಇರುವ ಪ್ರತಿ ದ್ವೀಪದಲ್ಲೂ ಕನಿಷ್ಠ ಒಂದು ಕಣಮಾಪಕ, ಅದರ ಅಂಕಿಗೆ ತಕ್ಕಂತೆ ಶಾಲೆ, ಆಸ್ಪತ್ರೆ, ಕೆಲಸದ ತಾಣಗಳಿಗೆ ತಲುಪುವ ಸ್ಪಷ್ಟ ಸೂಚನೆ ಇರಬೇಕಾದದ್ದು ಅಲ್ಲಿನ ಸರ್ಕಾರಗಳ ಮುಂದಿರುವ ತುರ್ತು ಕೆಲಸ.